ಕ್ಯಾಶ್ ಕೌಂಟರ್ ಮೇಲೆ ಎರಡನೇ ಕ್ಯೂಆರ್ ಇಟ್ಟು ಎರಡು ತಿಂಗಳು, ರಿವ್ಯೂ ಬಂದಿದ್ದು ಒಂಬತ್ತು

ತಟ್ಟೆಇಡ್ಲಿ_ಹುಡುಗ (ತುಮಕೂರು)

ಎಲ್ಲರಿಗೂ ನಮಸ್ಕಾರ. ಕ್ಯಾತ್ಸಂದ್ರದ ಹತ್ರ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಅಪ್ಪ ಶುರು ಮಾಡಿ ಹದಿನೆಂಟು ವರ್ಷ ಆಯ್ತು. ತಟ್ಟೆ ಇಡ್ಲಿ, ವಡೆ, ಒಂದು ಬಾತು, ಕಾಫಿ, ಟೀ. ಅಷ್ಟೇ. ಊರಿನವರಿಗೆ ನಮ್ಮ ಬೋರ್ಡೂ ಬೇಡ, ಮ್ಯಾಪೂ ಬೇಡ, ವಾಸನೆ ಹಿಡ್ಕೊಂಡು ಬರ್ತಾರೆ. ಆದ್ರೆ ಬೆಂಗಳೂರು ಕಡೆಯಿಂದ ಹೈವೇಲಿ ಬರೋ ಕಾರಿನವರು ಹಂಗಲ್ಲ. ನೆಲಮಂಗಲ ದಾಟ್ತಿದ್ದ ಹಾಗೇ ಪಕ್ಕದ ಸೀಟಲ್ಲಿರೋರು ಫೋನ್ ತೆಗೆದು ‘ತಟ್ಟೆ ಇಡ್ಲಿ’ ಅಂತ ಹುಡುಕ್ತಾರೆ, ನಕ್ಷತ್ರ ನೋಡ್ತಾರೆ, ಗಾಡಿ ತಿರುಗಿಸ್ತಾರೆ. ನಮ್ಮದು 4.1, ಒಟ್ಟು 63 ರಿವ್ಯೂ. ಎದುರುಗಡೆ ಹೋದ ವರ್ಷ ಶುರುವಾದ ಹೋಟೆಲಿಗೆ 4.8, ರಿವ್ಯೂ 900 ದಾಟಿದೆ. ಅವರ ಇಡ್ಲಿ ಬಗ್ಗೆ ನಾನೇನೂ ಹೇಳಲ್ಲ.

ಎರಡು ತಿಂಗಳ ಹಿಂದೆ ಒಬ್ಬ ಏಜೆಂಟ್ ಬಂದು ದುಡ್ಡಿನ ಕ್ಯೂಆರ್ ಪಕ್ಕ ಇಡೋಕೆ ಇನ್ನೊಂದು ಕ್ಯೂಆರ್ ಇರೋ ಅಕ್ರಿಲಿಕ್ ಸ್ಟ್ಯಾಂಡ್ ಕೊಟ್ಟ. ಸ್ಕ್ಯಾನ್ ಮಾಡಿದ್ರೆ ಸೀದಾ ಗೂಗಲ್ ರಿವ್ಯೂಗೆ ಹೋಗುತ್ತೆ ಅಂದ. 1,800 ರೂಪಾಯಿ, ಮುಂದಿನ ವರ್ಷದಿಂದ ವರ್ಷವರ್ಷಾನೂ ಕಟ್ಟಬೇಕಂತೆ. ಅವನು ಕೊಟ್ಟ ಆ್ಯಪಲ್ಲಿ ನೋಡಿದ್ರೆ 212 ಸ್ಕ್ಯಾನ್ ಆಗಿದೆ ಅಂತ ತೋರಿಸ್ತಿದೆ. ರಿವ್ಯೂ ಬಂದಿರೋದು ಒಂಬತ್ತು, ಅದರಲ್ಲಿ ಎರಡು ನಮ್ಮ ಚಿಕ್ಕಪ್ಪನ ಮಕ್ಕಳದ್ದು. ಸ್ಟ್ಯಾಂಡಿನ ಫೋಟೋ ಹಾಕಿದೀನಿ. ತಪ್ಪು ಎಲ್ಲಿ ಆಗಿದೆ ಹೇಳಿ.

ಪ್ರಿಂಟಿಂಗ್_ಮಾಮಾ (ಧಾರವಾಡ)

ತಮ್ಮಾ, ಫೋಟೋ ನೋಡಿದೆ. ಮೊದಲು ಕೋಡಿನ ಮಾತು ಹೇಳ್ತೀನಿ, ಆಮ್ಯಾಲೆ ಉಳಿದದ್ದು. ದಿನಾ ಇಂಥಾವು ನಾಲ್ಕು ಪ್ರಿಂಟ್ ಹಾಕ್ತೀನಿ ನಾನು.

ಈ ಕ್ಯೂಆರ್ ಹುಟ್ಟಿದ್ದು 1994ರಾಗ, ಜಪಾನಿನ ಡೆನ್ಸೊ ವೇವ್ ಕಂಪನಿಯೊಳಗ. ಮಸಾಹಿರೊ ಹಾರಾ ಅನ್ನೋ ಎಂಜಿನಿಯರು, ಅವರ ತಂಡ, ಕಾರಿನ ಬಿಡಿಭಾಗ ಲೆಕ್ಕ ಇಡಾಕ ಮಾಡಿದ್ದು. ಫ್ಯಾಕ್ಟರಿ ಅಂದಮ್ಯಾಲೆ ಎಣ್ಣಿ, ಧೂಳು ಇದ್ದದ್ದ. ಅದಕ್ಕ ಕೋಡಿನ ಒಂದಿಷ್ಟು ಭಾಗ ಹಾಳಾದ್ರೂ ಓದಾಕ ಬರೂ ಹಾಂಗ ಕಟ್ಟ್ಯಾರ. ಅದರಾಗ ನಾಲ್ಕು ಮಟ್ಟ ಅದಾವ. ಕಡಿಮಿ ಮಟ್ಟದಾಗ ಸುಮಾರು 7 ಪರ್ಸೆಂಟ್ ಹಾಳಾದ್ರ ತಡಕೊಳ್ಳತೈತಿ, ಹೆಚ್ಚಿನ ಮಟ್ಟದಾಗ ಸುಮಾರು 30. ನಿನ್ನ ಏಜೆಂಟ್ ಏನ್ ಮಾಡ್ಯಾನ? ನಡುವ ನಿಮ್ಮ ಹೋಟೆಲಿನ ಲೋಗೋ ದೊಡ್ಡದಾಗಿ ಕೂಡಿಸ್ಯಾನ. ತಡಕೊಳ್ಳೂ ಶಕ್ತಿ ಅರ್ಧಕ್ಕರ್ಧ ಅಲ್ಲೇ ಖರ್ಚಾತು. ಮ್ಯಾಲೆ ನಿಮ್ಮ ಸಾಂಬಾರಿನ ಅರಿಶಿಣದ ಕಲೆ ಬ್ಯಾರೆ. ಇನ್ನ ಸುತ್ತಲೂ ಬಿಳೀ ಅಂಚು ಬಿಡಬೇಕು, ಕೋಡಿನ ಸಣ್ಣ ಚೌಕ ಇರ್ತಾವಲ್ಲ, ಅಂಥಾವು ನಾಲ್ಕರಷ್ಟು ಅಗಲ. ಅಲ್ಲಿ ಹಸರು ಬಣ್ಣ ತುಂಬ್ಯಾನ. ಹೊಳಿಯೂ ಲ್ಯಾಮಿನೇಶನ್ ಮ್ಯಾಲೆ ಟ್ಯೂಬ್‌ಲೈಟ್ ಬಿದ್ರ ಕ್ಯಾಮೆರಾಕ್ಕ ಬರೇ ಬೆಳಕ ಕಾಣತೈತಿ.

ಇಷ್ಟಾದ್ರೂ ನಿನ್ನ ಲೆಕ್ಕದಾಗ 212 ಸ್ಕ್ಯಾನ್ ಬಂದಾವು. ಅಂದ್ರ ಕೋಡ್ ಹೆಂಗೋ ಓದಿಸಿಕೊಂಡೈತಿ. ರೋಗ ಅದರ ಹಿಂದ ಐತಿ. ಆ ಕೋಡ್ ನೀನ ಒಮ್ಮೆ ಸ್ಕ್ಯಾನ್ ಮಾಡಿ ನೋಡಿಯೇನು? ಯಾವ ಪುಟ ತೆರೀತೈತಿ?

ಗೇರ್‌ಬಾಕ್ಸ್ (ಮಂಡ್ಯ)

ಕೋಡು ಕೀಡು ಆಮೇಲೆ ಬುಡಿ. ಜನ ಯಾವ ಆ್ಯಪಲ್ಲಿ ಸ್ಕ್ಯಾನ್ ಮಾಡ್ತಾವ್ರೆ ಅಂತ ನೋಡಿದ್ದೀರಾ? ನಂದು ಟೂವೀಲರ್ ಗ್ಯಾರೇಜು. ಗೋಡೆ ಮೇಲೆ ರಿವ್ಯೂ ಕೋಡ್ ಅಂಟಿಸಿದ್ದೆ. ಹತ್ತು ಜನ್ರಲ್ಲಿ ಏಳು ಜನ ಪೇಮೆಂಟ್ ಆ್ಯಪ್ ತೆಗೆದು ಅದ್ಕೇ ಹಿಡಿಯೋರು. ನಮ್ಮ ಜನಕ್ಕೆ ಆ ಚೌಕ ಕಂಡ್ರೆ ದುಡ್ಡು ಅಂತ್ಲೇ ಅರ್ಥ.

ತಟ್ಟೆಇಡ್ಲಿ_ಹುಡುಗ (ತುಮಕೂರು)

ಗೇರ್‌ಬಾಕ್ಸ್ ಅಣ್ಣ, ನೀವು ಹೇಳಿದ್ಮೇಲೆ ಇವತ್ತು ಬೆಳಗ್ಗೆ ಎಂಟರಿಂದ ಒಂಬತ್ತರ ತನಕ ಕೌಂಟರಲ್ಲಿ ಅಪ್ಪನ ಪಕ್ಕ ನಿಂತು ಬರೀ ನೋಡ್ದೆ.

ಒಬ್ರು ಹಿರಿಯರು, ಬಿಳಿ ಪಂಚೆ, ಮೊಮ್ಮಗಳನ್ನ ಕರ್ಕೊಂಡು ಬಂದಿದ್ರು. 90 ರೂಪಾಯಿ ಬಿಲ್ಲು. ಫೋನ್ ತೆಗೆದು ರಿವ್ಯೂ ಸ್ಟ್ಯಾಂಡಿಗೆ ಹಿಡಿದ್ರು. ಆ್ಯಪು ಇದು ಸರಿಯಾದ ಕೋಡ್ ಅಲ್ಲ ಅಂತು. ಫೋನ್ ಹಿಂದೆ ಮುಂದೆ ಮಾಡಿದ್ರು, ಕನ್ನಡಕ ಒರೆಸ್ಕೊಂಡ್ರು, ಮತ್ತೆ ಹಿಡಿದ್ರು. ಹಿಂದೆ ಐದು ಜನ ಕ್ಯೂ. ‘ನಿಮ್ದು ಯಾಕೋ ಆಗ್ತಿಲ್ಲ ಕಣಪ್ಪ, ಕ್ಯಾಶೇ ತಗೊಳ್ಳಿ’ ಅಂತ ಜೇಬಿಗೆ ಕೈ ಹಾಕಿದ್ರು. ಮೊಮ್ಮಗಳು ‘ತಾತ, ಅದಲ್ಲ, ಇದು’ ಅಂತ ಪಕ್ಕದ ಕೋಡ್ ತೋರಿಸಿದ್ಲು. ಸ್ಪೀಕರ್ ಪೆಟ್ಟಿಗೆ ‘ತೊಂಬತ್ತು ರೂಪಾಯಿ’ ಅಂತ ಕೂಗಿದ್ಮೇಲೇ ಅಪ್ಪ ಉಸಿರು ಬಿಟ್ಟಿದ್ದು. ಒಂದು ಗಂಟೇಲಿ ಇಂಥವು ಆರು ಆದ್ವು.

ಮಾಮ, ನೀವು ಹೇಳಿದ ಹಾಗೆ ನಾನೂ ಸ್ಕ್ಯಾನ್ ಮಾಡಿದೆ. ಸೀದಾ ಗೂಗಲ್ ಬರಲ್ಲ. ಏಜೆಂಟಿಂದೇ ಒಂದು ಪುಟ ಬರುತ್ತೆ, ಐದು ನಕ್ಷತ್ರ ಇದೆ. ನಾಲ್ಕೋ ಐದೋ ಒತ್ತಿದ್ರೆ ಗೂಗಲ್‌ಗೆ ಕಳಿಸುತ್ತೆ. ಮೂರು ಒತ್ತಿದೆ, ಹೆಸರು, ಫೋನ್ ನಂಬರ್, ‘ನಿಮ್ಮ ಸಲಹೆ’ ಅಂತ ಒಂದು ಫಾರ್ಮ್ ಬಂತು. ಆ ಸಲಹೆಗಳು ಎಲ್ಲಿಗೆ ಹೋಗ್ತಿವೆ ಅಂತ ನನಗಂತೂ ಗೊತ್ತಿಲ್ಲ. ಒಂದೂ ನನ್ನ ಕೈಗೆ ಬಂದಿಲ್ಲ.

ಪ್ರಿಂಟಿಂಗ್_ಮಾಮಾ (ಧಾರವಾಡ)

ಸಿಕ್ತು ನೋಡು ಕಳ್ಳ. ಪೇಮೆಂಟ್ ಆ್ಯಪಿನಾಗ ಹಿಡಿದವ್ರು ನಿನ್ನ 212ರಾಗ ಇಲ್ಲ, ಅವರ ಫೋನಿನಾಗ ಲಿಂಕ ತೆರೆದಿಲ್ಲ. ಈ 212 ಮಂದಿ ಪಾಪ ಸರಿಯಾಗೇ ಬಂದು, ಆ ನಡುವಿನ ಪುಟದಾಗ ಕಳದು ಹೋಗ್ಯಾರ. ಹೊಟ್ಟಿ ತುಂಬಿದ ಮನಷಾ ಒಂದ್ಸಲ ನಕ್ಷತ್ರ ಒತ್ತತಾನ. ಎರಡನೇ ಪುಟದಾಗ ಮತ್ತ ಒತ್ತು ಅಂದ್ರ ಯಾಕ ಒತ್ತತಾನ್ರಿ? ತಾನು ರಿವ್ಯೂ ಕೊಟ್ಟಾಯ್ತು ಅಂತ ತಿಳಕೊಂಡು ಕೈ ತೊಳಿಯಾಕ ಹೋಗ್ತಾನ.

ಡಿಜಿಟಲ್_ದೊರೆ (ಬೆಂಗಳೂರು)

ನಾನು ಇದೇ ಕೆಲಸದಲ್ಲಿದ್ದೇನೆ, ಹಾಗಾಗಿ ಏಜೆಂಟ್ ಪರ ಒಂದು ಮಾತು. ಕೋಪದಲ್ಲಿರುವ ಗಿರಾಕಿಯನ್ನು ಮೊದಲು ಮಾಲೀಕನ ಹತ್ತಿರ ಕಳಿಸುವುದರಲ್ಲಿ ತಪ್ಪೇನು? ಮನೆ ಜಗಳ ಬೀದಿಗೆ ಯಾಕೆ ಬರಬೇಕು? ಮಾರುಕಟ್ಟೆಯಲ್ಲಿ ಎಲ್ಲರೂ ಮಾಡುತ್ತಾರೆ. ಎದುರಿನ ಹೋಟೆಲಿಗೆ 900 ರಿವ್ಯೂ ಸುಮ್ಮನೆ ಬಂತು ಅಂದುಕೊಂಡ್ರಾ?

ಲೆಕ್ಕದ_ಮೇಷ್ಟ್ರು (ಹಾಸನ)

ದೊರೆಗಳೇ, ಗಿರಾಕಿಯ ದೂರು ಮೊದಲು ಮಾಲೀಕನಿಗೆ ಮುಟ್ಟಬೇಕು ಅನ್ನೋದು ಸರಿ. ಅದಕ್ಕೆ ಮಾಲೀಕನ ಫೋನ್ ನಂಬರನ್ನು ಗೋಡೆಗೆ ಬರೆದರೆ ಸಾಕು. ಮೆಚ್ಚಿದವನಿಗೆ ಒಂದು ಬಾಗಿಲು, ಬೈದವನಿಗೆ ಇನ್ನೊಂದು ಬಾಗಿಲು ಇಡೋದು ಬೇರೆ ವಿಷಯ. ಗೂಗಲ್ ನಿಯಮದಲ್ಲೇ ಇದು ನಿಷಿದ್ಧ. ಒಳ್ಳೆಯದನ್ನು ಬರೆಯೋರನ್ನೇ ಆರಿಸಿ ಕೇಳಬಾರದು, ಕೆಟ್ಟದ್ದನ್ನು ಬರೆಯದಂತೆ ತಡೆಯಬಾರದು. ದುಡ್ಡು, ರಿಯಾಯಿತಿ, ಪುಕ್ಕಟೆ ತಿಂಡಿ ಕೊಟ್ಟು ಬರೆಸೋದೂ ಇಲ್ಲ. ಮಾಲೀಕರು, ಕೆಲಸಗಾರರು ತಮ್ಮ ಅಂಗಡಿಗೆ ತಾವೇ ಬರೆಯೋ ಹಾಗಿಲ್ಲ. (ಚಿಕ್ಕಪ್ಪನ ಮಕ್ಕಳ ವಿಷಯ ನಾನು ಓದಿಲ್ಲ ಅಂದ್ಕೋತೀನಿ.) ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್ ಕೂಡ 2022ರ ನವೆಂಬರ್‌ನಲ್ಲಿ ಐಎಸ್ 19000 ಅನ್ನೋ ಮಾನದಂಡ ತಂದಿದೆ. ಆನ್‌ಲೈನ್ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪರಿಶೀಲಿಸಬೇಕು, ಹೇಗೆ ಪ್ರಕಟಿಸಬೇಕು ಅನ್ನೋದಕ್ಕೆ. ತಂದಾಗ ಅದು ಕಡ್ಡಾಯವಾಗಿರಲಿಲ್ಲ, ಸ್ವಯಂಪ್ರೇರಿತ. ಆದರೂ ದಿಕ್ಕು ಯಾವುದು ಅಂತ ಗೊತ್ತಾಗುತ್ತೆ.

ಜನ ಇಷ್ಟು ಹೆದರೋದು ಯಾಕೆ ಅಂತಲೂ ನನಗೆ ಗೊತ್ತು. ಸರಾಸರಿಯ ಲೆಕ್ಕವೇ ಕ್ರೂರಿ. ಒಬ್ಬ ಒಂದು ನಕ್ಷತ್ರ ಕೊಟ್ಟರೆ, ಆ ಒಂದನ್ನು ಸೇರಿಸಿ ಸರಾಸರಿ 4.5ಕ್ಕೆ ಬರಬೇಕಾದರೆ ಏಳು ಜನ ಐದೈದು ಕೊಡಬೇಕು. 4.8ಕ್ಕೆ ಬರಬೇಕಾದರೆ ಹತ್ತೊಂಬತ್ತು ಜನ. ನಮ್ಮ ತುಮಕೂರಿನ ಹುಡುಗ 4.8ರ ಆಸೆ ಬಿಟ್ಟು 4.4ರಲ್ಲಿ ನೆಮ್ಮದಿಯಾಗಿರೋದು ಒಳ್ಳೇದು. ನಾನಂತೂ 4.9 ಕಂಡರೆ ಮೊದಲು ಅನುಮಾನ ಪಡೋನು.

ಕಡಲ_ತಂಪು (ಉಡುಪಿ)

ಪುಕ್ಕಟೆ ಕೊಡುವುದರ ಕಥೆ ನನ್ನ ಹತ್ರ ಉಂಟು ಮಾರಾಯ್ರೆ. ನಮ್ಮದು ಐಸ್‌ಕ್ರೀಮ್ ಪಾರ್ಲರ್. ಎರಡು ವರ್ಷದ ಹಿಂದೆ ಏಪ್ರಿಲ್ ರಜೆಯಲ್ಲಿ ಐದು ನಕ್ಷತ್ರ ತೋರಿಸಿದವರಿಗೆ ಒಂದು ಸ್ಕೂಪ್ ಫ್ರೀ ಅಂತ ಬೋರ್ಡು ಹಾಕಿದೆ. ಒಂದೇ ವಾರದಲ್ಲಿ ಎಂಬತ್ತು ರಿವ್ಯೂ ಬಂತು. ನಾನು ಹಾರಿ ಹಾರಿ ಹೋದೆ. ಓದಿ ನೋಡಿದ್ರೆ ಅರ್ಧಕ್ಕರ್ಧ ‘ನೈಸ್’, ‘ಗುಡ್’, ಒಬ್ಬ ಬರೀ ಚುಕ್ಕಿ ಇಟ್ಟಿದ್ದ. ಮೇ ಕೊನೆಗೆ ಒಂದು ಬೆಳಿಗ್ಗೆ ನೋಡ್ತೇನೆ, ಐವತ್ತಕ್ಕೂ ಹೆಚ್ಚು ಮಾಯ! ತಪ್ಪು ನನ್ನದೇ, ಯಾರಿಗೆ ದೂರು ಕೊಡುವುದು? ಮಾಯ ಆದದ್ದರ ಜೊತೆ ನಿಜವಾಗಿ ಮೆಚ್ಚಿ ಬರೆದದ್ದೂ ಹೋಯ್ತು. ಕುಂದಾಪುರದ ಒಬ್ಬರು ಅಮ್ಮ ಗಡ್‌ಬಡ್ ಬಗ್ಗೆ ಹತ್ತು ಸಾಲು ಬರೆದಿದ್ರು, ಅದು ಹೋದದ್ದು ಈಗಲೂ ಬೇಸರ.

ಊಟದ_ಡಬ್ಬಿ (ಬೆಂಗಳೂರು)

ಗಿರಾಕಿ ಕಡೆಯಿಂದ ನಾನೊಂದು ಹೇಳ್ತೀನಿ. ಮೊನ್ನೆ ಜಯನಗರದ ಒಂದು ಕಡೆ ಅಮ್ಮನ ಜೊತೆ ಊಟಕ್ಕೆ ಹೋಗಿದ್ದೆ. ಬಿಲ್ಲಿನ ಫೋಲ್ಡರ್ ಒಳಗೆ ಸೋಂಪು, ಅದರ ಪಕ್ಕ ಕ್ಯೂಆರ್ ಕಾರ್ಡು. ಸರ್ವ್ ಮಾಡಿದ ಹುಡುಗ ಪಕ್ಕದಲ್ಲೇ ನಿಂತ. ‘ಮೇಡಂ, ಫೈವ್ ಸ್ಟಾರ್ ಹಾಕಿ, ನನ್ನ ಹೆಸರು ಬರೀರಿ, ನಮಗೆ ದಿನಕ್ಕೆ ಇಷ್ಟು ಅಂತ ಟಾರ್ಗೆಟ್ ಇದೆ.’ ಅವನ ಮುಖ ನೋಡಿ ಇಲ್ಲ ಅನ್ನೋಕೆ ಆಗ್ಲಿಲ್ಲ. ಹಾಕಿದೆ. ಪಲ್ಯ ಹಳಸಿತ್ತು ಅನ್ನೋದು ಬರೀಲಿಲ್ಲ. ಮತ್ತೆ ಆ ಕಡೆ ಕಾಲಿಟ್ಟಿಲ್ಲ. ಅವರ ಲೆಕ್ಕದಲ್ಲಿ ನಾನು ಒಂದು ಐದು ನಕ್ಷತ್ರ, ನನ್ನ ಲೆಕ್ಕದಲ್ಲಿ ಅವರು ಮುಗಿದ ಅಧ್ಯಾಯ. ಕೇಳೋದು ತಪ್ಪಲ್ಲ. ಕೇಳಿ, ಆಮೇಲೆ ದೂರ ಹೋಗಿ. ನಾವು ಬರೆಯೋವಾಗ ಹೆಗಲ ಮೇಲೆ ಇಣುಕಬೇಡಿ.

ಇನ್ನೊಂದು, ನಮ್ಮಮ್ಮನಿಗೆ ಕೋಡ್ ಕಂಡ್ರೇ ಭಯ. ಯಾರೋ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ದುಡ್ಡು ಹೊಡೀತಾರೆ ಅಂತ ಕೇಳಿದ್ದಾರೆ. ಆ ಭಯ ಸುಳ್ಳೂ ಅಲ್ಲ.

ಗೇರ್‌ಬಾಕ್ಸ್ (ಮಂಡ್ಯ)

ಅಕ್ಕ ಹೇಳಿದ್ದು ಸತ್ಯ. ನಾನು ಗೋಡೆ ಕೋಡ್ ಕಿತ್ತಾಕಿ ಒಂದೂವರೆ ವರ್ಷ ಆಯ್ತು. ಈಗ ಮಾಡೋದೇ ಬೇರೆ. ಗಾಡಿ ರೆಡಿ ಆದ್ಮೇಲೆ ಒಂದು ರೌಂಡ್ ಓಡ್ಸಿ ನೋಡಿ ಅಂತ ಕೀ ಕೊಡ್ತೀನಿ. ವಾಪಸ್ ಬಂದು ‘ಈಗ ಸೌಂಡ್ ಇಲ್ಲ’ ಅಂತಾರಲ್ಲ, ಆ ಗಳಿಗೆ. ಆಗ ಹಳೇ ಸ್ಪೇರ್ ಪಾರ್ಟು ಕೈಗಿಟ್ಟು, ಇದು ಹೋಗಿತ್ತು ಅಂತ ತೋರ್ಸಿ, ಆಮೇಲೆ ಕೇಳ್ತೀನಿ. ‘ಅಣ್ಣ, ಬಿಲ್ ವಾಟ್ಸಾಪ್ ಮಾಡ್ತೀನಿ, ಕೆಳಗೆ ಒಂದು ಲಿಂಕ್ ಇರ್ತದೆ, ಟೈಮ್ ಇದ್ರೆ ಎರಡು ಮಾತು ಬರೀರಿ, ಬೈಯೋದಿದ್ರೂ ಬರೀರಿ.’ ರಾತ್ರಿ ಊಟ ಆದ್ಮೇಲೆ ಕೂತು ಬರೀತಾರೆ. ಕಾರ್ಬೊರೇಟರ್ ವಿಷ್ಯ ಎಲ್ಲ ಬರೀತಾರೆ, ನೋಡ್ಕೊಂಡು ಬೇರೆಯೋರು ಬರ್ತಾರೆ. ಎದುರಿಗೆ ನಿಂತಿರೋನಿಗೆ ಕೋಡ್ ಯಾಕೆ? ನಂಬರ್ ಇಲ್ದಿರೋ ಗಿರಾಕಿಗೆ, ಅಂದ್ರೆ ನಿಮ್ಮಂಥ ಹೋಟ್ಲಿಗೆ, ಕೋಡ್ ಬೇಕು. ನಮ್ಗೆ ಬೇಡ.

ಸ್ಟೆತಸ್ಕೋಪು (ಶಿವಮೊಗ್ಗ)

ನನ್ನ ಕ್ಲಿನಿಕ್ಕಿಗೂ ಇಂಥ ಏಜೆಂಟ್ ಬಂದಿದ್ದ. ಕಾಯುವ ಕೋಣೆಯಲ್ಲಿ ಸ್ಟ್ಯಾಂಡ್ ಇಡಿ ಅಂದ. ಬೇಡ ಅಂದೆ. 2002ರ ವೈದ್ಯ ವೃತ್ತಿ ನಡತೆಯ ನಿಯಮಗಳ ಪ್ರಕಾರ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ರೋಗಿಗಳನ್ನು ಸೆಳೆಯುವುದು ಅನೈತಿಕ. ಮೇಲಾಗಿ ಜ್ವರದಲ್ಲಿ ಕೂತವರ ಕೈಗೆ ಫೋನ್ ಕೊಟ್ಟು ‘ನಕ್ಷತ್ರ ಹಾಕಿ’ ಅನ್ನಲು ನನಗೆ ಬಾಯಿ ಬರಲಿಲ್ಲ. ಕೇಳದೆಯೇ ಬರೆದವರಿಗೆ ಉತ್ತರ ಕೊಡುವಾಗಲೂ ಎಚ್ಚರ ಬೇಕು. ‘ನಿಮ್ಮ ಶುಗರ್ ಈಗ ಹೇಗಿದೆ’ ಅಂತ ಪ್ರೀತಿಯಿಂದ ಕೇಳಿದರೂ ಅವರ ಕಾಯಿಲೆಯನ್ನು ಊರಿಗೆಲ್ಲ ಹೇಳಿದ ಹಾಗೆ. ಹೋಟೆಲಿನವರಿಗೆ ಈ ತಾಪತ್ರಯ ಇಲ್ಲ, ಧಾರಾಳವಾಗಿ ಕೇಳಿ.

ಪ್ರಿಂಟಿಂಗ್_ಮಾಮಾ (ಧಾರವಾಡ)

ತಮ್ಮಾ, ಇನ್ನ ಕೆಲಸದ ಮಾತು. ಆ ಏಜೆಂಟನ ಕೋಡಿನಾಗ ಇರೂದು ಗೂಗಲ್ ಲಿಂಕ್ ಅಲ್ಲ, ಅವನ ಸ್ವಂತ ಸಣ್ಣ ಲಿಂಕ್. ಅಲ್ಲಿಂದ ಅವನು ಬೇಕಾದಲ್ಲಿ ತಿರುಗಿಸ್ತಾನ. ನೀ ಮುಂದಿನ ವರ್ಷ ರೊಕ್ಕ ಕಟ್ಟಲಿಲ್ಲಂದ್ರ ಆ ಕೋಡ್ ಸತ್ತಂಗ. ಸ್ಟ್ಯಾಂಡ್ ನಿನ್ನದು, ದಾರಿ ಅವಂದು.

ರೊಕ್ಕ ಇಲ್ಲದ ದಾರಿ ಹಿಂಗೈತಿ. ಹೋಟೆಲಿನ ಗೂಗಲ್ ಪ್ರೊಫೈಲ್ ಯಾವ ಜಿಮೇಲಿನಾಗ ಐತೋ ಅದರಾಗ ಲಾಗಿನ್ ಆಗಿ, ಗೂಗಲ್‌ನಾಗ ನಿನ್ನ ಹೋಟೆಲ್ ಹೆಸರು ಹುಡುಕು. ಮಾಲೀಕನಿಗೆ ಕಾಣೂ ಬಟನ್ ಬರ್ತಾವು, ಅದರಾಗ ರಿವ್ಯೂ ಕೇಳೂದಕ್ಕ ಅಂತನ ಒಂದು ಐತಿ. ಒತ್ತಿದ್ರ ಲಿಂಕೂ ಸಿಗತೈತಿ, ಕ್ಯೂಆರೂ ಸಿಗತೈತಿ, ಎರಡೂ ಪುಕ್ಕಟೆ. ಅದನ್ನ ಇಳಿಸಿಕೊಂಡು ಯಾವದಾದ್ರೂ ಪ್ರಿಂಟಿಂಗ್ ಅಂಗಡಿಯಾಗ ಹೊಳಪಿಲ್ಲದ ಹಾಳಿ ಮ್ಯಾಲೆ ಹಾಕಿಸು. ಕಪ್ಪು ಕೋಡ್, ಬಿಳೀ ಹಿನ್ನೆಲೆ, ನಡುವ ಏನೂ ಬ್ಯಾಡ. ಎಷ್ಟು ದೂರದಿಂದ ಹಿಡಿತಾರೋ ಅದರ ಹತ್ತರಾಗ ಒಂದು ಪಾಲು ಅಗಲ ಇರಲಿ. ಒಂದಡಿ ದೂರಕ್ಕ ಒಂದು ಇಂಚಿನ ಮ್ಯಾಲೆ ಸ್ವಲ್ಪ. ನಾನಾದ್ರ ಎರಡು ಇಂಚು ಹಾಕ್ತೀನಿ, ವಯಸ್ಸಾದವರ ಕೈ ನಡಗತಾವ.

ಮತ್ತ ಒಂದು ಕೇಳೂದು ಮರತಿದ್ದೆ. ಪ್ರೊಫೈಲಿನ ಪ್ರೈಮರಿ ಓನರ್, ಅಂದ್ರ ಅದರ ಪೂರ್ತಿ ಹಿಡಿತ ಇರೂ ಮುಖ್ಯ ಮಾಲೀಕ, ಯಾರು?

ತಟ್ಟೆಇಡ್ಲಿ_ಹುಡುಗ (ತುಮಕೂರು)

ಮಾಮ, ಈಗ ನೋಡಿದೆ. ಓನರ್ ಏಜೆಂಟೇ. ನಾನು ಮ್ಯಾನೇಜರ್ ಅಂತ ಇದೀನಿ. ಅವನೇ ‘ನಾನು ಸೆಟ್ ಮಾಡ್ಕೊಡ್ತೀನಿ’ ಅಂತ ಅಪ್ಪನ ಫೋನ್ ತಗೊಂಡಿದ್ದ. ಅಪ್ಪ ಓಟಿಪಿನೂ ಹೇಳಿದ್ದಾರೆ.

ಪ್ರಿಂಟಿಂಗ್_ಮಾಮಾ (ಧಾರವಾಡ)

ಅಯ್ಯ ಶಿವನ. ಮೊದಲು ಅದನ್ನ ನಿನ್ನ ಹೆಸರಿಗೆ ಬರೆಸಿಕೋ. ಸಿಟ್ಟು ಮಾಡಬ್ಯಾಡ, ಜಗಳಾಡಬ್ಯಾಡ, ನಾಳೆ ಅವನ್ನ ಕರೆದು ಕಾಫಿ ಕುಡಿಸಿ, ಎದುರಿಗೆ ಕೂತ ನಿನ್ನ ಜಿಮೇಲಿಗೆ ಓನರ್‌ಶಿಪ್ ವರ್ಗಾ ಮಾಡಿಸು. ಆದಮ್ಯಾಲೆ ಅವನ್ನ ಮ್ಯಾನೇಜರ್ ಪಟ್ಟಿಯಿಂದನೂ ತಗಿ.

ಡಿಜಿಟಲ್_ದೊರೆ (ಬೆಂಗಳೂರು)

ಓನರ್‌ಶಿಪ್ ವಿಷಯದಲ್ಲಿ ಮಾತ್ರ ನಾನೂ ಮಾಮನ ಕಡೆ. ನಮ್ಮ ಕೆಲಸದವರ ಮರ್ಯಾದೆ ಹೋಗುವುದು ಇಂಥವರಿಂದಲೇ. ಗ್ರಾಹಕನ ಪ್ರೊಫೈಲಿನಲ್ಲಿ ನಾವು ಮ್ಯಾನೇಜರ್ ಆಗಿ ಇರಬೇಕು, ಅದಕ್ಕಿಂತ ಮೇಲೆ ಹೋಗಬಾರದು.

ಮುಂಜಾನೆ_ಬಸ್ಸು (ಚಿತ್ರದುರ್ಗ)

ಸ್ವಲ್ಪ ಬೇರೆ ವಿಷಯ. ‘ಮನೇಲಿ ಕೂತು ಗೂಗಲ್ ರಿವ್ಯೂ ಬರೆದು ದುಡ್ಡು ಮಾಡಿ’ ಅಂತ ಟೆಲಿಗ್ರಾಂನಲ್ಲಿ ಮೆಸೇಜ್ ಬರುತ್ತಲ್ಲ, ಅದಕ್ಕೆ ನನ್ನ ತಮ್ಮ ಸಿಕ್ಕಿಹಾಕ್ಕೊಂಡಿದ್ದ. ಮೊದಲ ಮೂರು ರಿವ್ಯೂಗೆ 150 ರೂಪಾಯಿ ನಿಜವಾಗಲೂ ಬಂತು. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಅಂತ 2,000 ಹಾಕಿಸ್ಕೊಂಡ್ರು, ಆಮೇಲೆ 9,000. ಅಲ್ಲಿಗೆ ಗ್ರೂಪಿಂದ ಹೊರಗೆ ಹಾಕಿದ್ರು. ಯಾರಿಗಾದ್ರೂ ಹೀಗಾದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅವನು ಬರೆದ ರಿವ್ಯೂ ಯಾವುದಕ್ಕೆ ಗೊತ್ತಾ? ಅವನು ಜನ್ಮದಲ್ಲಿ ನೋಡದೇ ಇರೋ ಯಾವುದೋ ಊರಿನ ಹೋಟೆಲಿಗೆ, ‘ಆಂಬಿಯನ್ಸ್ ಸೂಪರ್’ ಅಂತ.

ಲೆಕ್ಕದ_ಮೇಷ್ಟ್ರು (ಹಾಸನ)

ಸ್ಟ್ಯಾಂಡಿನ ಮೇಲಿನ ಬರಹದ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ. ಫೋಟೋದಲ್ಲಿ ಇರೋದೆಲ್ಲ ಇಂಗ್ಲಿಷು. ಪಂಚೆ ಉಟ್ಟ ಹಿರಿಯರಿಗೆ ಅದು ದುಡ್ಡಿನ ಕೋಡ್ ಅಲ್ಲ ಅಂತ ತಿಳಿಯೋದು ಹೇಗೆ? ಕನ್ನಡದಲ್ಲಿ ದಪ್ಪಗೆ ಬರೆಸಿ: ‘ಇದು ದುಡ್ಡು ಕೊಡೋಕಲ್ಲ. ತಿಂಡಿ ಹೇಗಿತ್ತು ಅಂತ ಬರೆಯೋಕೆ.’ ಅದರ ಕೆಳಗೆ ಸಣ್ಣದಾಗಿ: ‘ಫೋನಿನ ಕ್ಯಾಮೆರಾದಲ್ಲಿ ಹಿಡೀರಿ. ಕನ್ನಡದಲ್ಲೇ ಬರೀರಿ. ಟೈಪ್ ಬರದಿದ್ರೆ ಮೈಕ್ ಒತ್ತಿ ಮಾತಾಡಿ.’ ನನ್ನ ಹೆಂಡತಿ ಮೈಕ್ ಒತ್ತಿಯೇ ಬರೆಯೋದು. ಒಮ್ಮೆ ‘ಪೂರಿ ಸಾಗು’ ಅನ್ನೋದನ್ನ ಫೋನು ‘ಊರಿಗೆ ಸಾಗು’ ಅಂತ ಬರೀತು, ಅದನ್ನ ಹಾಗೇ ಕಳಿಸಿದ್ಲು. ಹೋಟೆಲಿನವರು ಗಾಬರಿಯಾಗಿ ‘ಏನು ತಪ್ಪಾಯ್ತು ಅಮ್ಮ’ ಅಂತ ಉತ್ತರ ಹಾಕಿದ್ರು.

ಇನ್ನೊಂದು ಮಾತು. ಸ್ಟ್ಯಾಂಡನ್ನ ಕ್ಯಾಶ್ ಕೌಂಟರಿಂದ ತೆಗೆದುಬಿಡಿ. ಅಲ್ಲಿ ಜನ ಹೊರಡೋ ಅವಸರದಲ್ಲಿರ್ತಾರೆ.

ತಟ್ಟೆಇಡ್ಲಿ_ಹುಡುಗ (ತುಮಕೂರು)

ಐದು ವಾರದ ಮೇಲೆ ಬರೀತಿದೀನಿ, ಕ್ಷಮಿಸಿ. ಓನರ್‌ಶಿಪ್ ಬಂತು. ಏಜೆಂಟ್ ಎರಡು ಸಲ ‘ನಾಳೆ’ ಅಂದ, ಮೂರನೇ ಸಲ ಅಪ್ಪ ಅವನಿಗೆ ಇಡ್ಲಿ ತಿನ್ನಿಸಿ ಎದುರಿಗೇ ಕೂತ್ಕೊಂಡ್ರು.

ಹೊಸ ಕೋಡ್ ಗೂಗಲ್‌ದೇ. ಮೇಷ್ಟ್ರ ಸಾಲುಗಳನ್ನ ಹಾಗೇ ಹಾಕಿಸಿದೆ. ಕೌಂಟರಿಂದ ತೆಗೆದು ಎರಡು ಕಡೆ ಇಟ್ಟೆ. ಒಂದು ಕಾಫಿ ಟೀ ಕೊಡೋ ಕಟ್ಟೆ ಮೇಲೆ, ಅಲ್ಲಿ ಲೋಟ ಆರೋವರೆಗೆ ಜನ ನಿಂತೇ ಇರ್ತಾರೆ. ಇನ್ನೊಂದು ಪಾರ್ಸಲ್ ಕಾಯೋ ಬೆಂಚಿನ ಎದುರು ಗೋಡೆಗೆ. ದಿನಾ ಬಾಗಿಲು ತೆಗೆಯೋವಾಗ ನಾನೇ ಎರಡನ್ನೂ ಒಮ್ಮೆ ಸ್ಕ್ಯಾನ್ ಮಾಡಿ ನೋಡ್ತೀನಿ, ಯಾರಾದ್ರೂ ಮೇಲೆ ಏನಾದ್ರೂ ಅಂಟಿಸಿದ್ರೆ ಅಂತ. 63 ಇದ್ದದ್ದು 107 ಆಗಿದೆ. 4.1 ಇದ್ದದ್ದು 4.3. ಚಿಕ್ಕಪ್ಪನ ಮಕ್ಕಳಿಗೆ ಹೇಳಿ ಅವರದ್ದು ತೆಗೆಸಿದೆ, ಮೇಷ್ಟ್ರೇ.

ಆದ್ರೆ ಎರಡೇ ನಕ್ಷತ್ರದ ಒಂದು ರಿವ್ಯೂನೂ ಬಂತು. ‘ಇಡ್ಲಿ ಚೆನ್ನಾಗಿದೆ. ಹತ್ತೂವರೆ ಮೇಲೆ ಹೋದ್ರೆ ಚಟ್ನಿ ನೀರು ನೀರು, ಕಾಯಿ ಇಲ್ಲ, ಬರೀ ಹುರಿಗಡಲೆ.’ ಅಪ್ಪನಿಗೆ ಓದಿ ಹೇಳಿದೆ. ‘ಯಾವನೋ ಎದುರುಗಡೆಯವನೇ ಬರೆಸಿರ್ತಾನೆ’ ಅಂತ ಕೂಗಾಡಿದ್ರು. ಮಾರನೇ ದಿನ ಹನ್ನೊಂದು ಗಂಟೆಗೆ ತಾವೇ ಒಂದು ಪ್ಲೇಟ್ ಇಡ್ಲಿ ಹಾಕಿಸ್ಕೊಂಡು ಕೂತ್ರು. ಏನೂ ಮಾತಾಡ್ಲಿಲ್ಲ. ಎದ್ದು ಒಳಗೆ ಹೋಗಿ ರುಬ್ಬೋ ಹುಡುಗನ್ನ ಕೇಳಿದ್ರು, ಎರಡನೇ ಸಲದ ಚಟ್ನಿಗೆ ಎಷ್ಟು ಕಾಯಿ ಹಾಕ್ತೀಯ ಅಂತ. ಕಾಯಿ ರೇಟು ಏರಿದಾಗಿಂದ ಅರ್ಧ ಹಾಕ್ತಿದ್ನಂತೆ, ನಮ್ಮಮ್ಮ ಹೇಳಿದ್ರಂತೆ. ಮನೇಲಿ ಅವತ್ತು ರಾತ್ರಿ ಏನಾಯ್ತು ಅಂತ ಇಲ್ಲಿ ಬರೆಯೋ ಹಾಗಿಲ್ಲ.

ಅಪ್ಪ ಮೈಕ್ ಒತ್ತಿ ತಾವೇ ಉತ್ತರ ಕೊಟ್ರು: ‘ನೀವು ಹೇಳಿದ್ದು ನಿಜ. ಈಗ ಸರಿ ಮಾಡಿದ್ದೀವಿ. ಹನ್ನೊಂದು ಗಂಟೆಗೇ ಬನ್ನಿ.’

ಊಟದ_ಡಬ್ಬಿ (ಬೆಂಗಳೂರು)

ಮುಂದಿನ ಭಾನುವಾರ ಸಿದ್ಧಗಂಗೆಗೆ ಬರೋದಿದೆ. ಹನ್ನೊಂದಕ್ಕೆ ಚಟ್ನಿ ಇರುತ್ತಾ?

ತಟ್ಟೆಇಡ್ಲಿ_ಹುಡುಗ (ತುಮಕೂರು)

ಚಟ್ನಿ ಇರುತ್ತೆ ಅಕ್ಕ. ವಡೆಗೆ ಮಾತ್ರ ಹತ್ತರ ಒಳಗೆ ಬನ್ನಿ.

ಪ್ರಿಂಟಿಂಗ್_ಮಾಮಾ (ಧಾರವಾಡ)

ಆ ಹಳೇ ಅಕ್ರಿಲಿಕ್ ಸ್ಟ್ಯಾಂಡ್ ಬಿಸಾಕಿಯೇನು? ಇದ್ರ ಹಾಳಿ ಬದಲಿಸಿ ‘ಇಲ್ಲಿ ಕೈ ತೊಳೆಯಬೇಡಿ’ ಅಂತ ಹಾಕು. 1,800 ಕೊಟ್ಟೀಯಲ್ಲ.